ಸ್ಮೃತಿಭ್ರಂಶವೂ ವೈಯಾವೃತ್ತ್ಯವೂ

ಬೆಂಗಳೂರಿನಿಂದ ಹಾಸನದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್ ದಾಟಿದ ಮೇಲೆ ಸಿಗುವ ಹಿರೀಸಾವೆಯು ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ. ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರು ಇಲ್ಲಿ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗುತ್ತಾರೆ. ಆ ದಾರಿ ಚಂದ್ರಗಿರಿಯ ಬುಡಕ್ಕೆ ಮುಟ್ಟುತ್ತದೆ. ಎಚ್ಚರದ ಮನಸ್ಸಿನಿಂದ ದೇಹವನ್ನು ತ್ಯಜಿಸಿದ ಮುನಿಗಳ, ಅರಸರ, ಶ್ರಾವಕ ಶ್ರಾವಿಕೆಯರ ಹೆಸರುಗಳನ್ನು ಆ ಬೆಟ್ಟದ ಬಂಡೆಗಳು ಹದಿಮೂರು ಹದಿನಾಲ್ಕು ಶತಮಾನಗಳಿಂದ ಹೊತ್ತು ನಿಂತಿವೆ. ಅದೇ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಹೊರಟವರಲ್ಲಿ ಇನ್ನೊಂದು ಬಗೆಯ ಯಾತ್ರಿಕರಿದ್ದಾರೆ. ಮಗನ ಹೆಸರನ್ನು ಮರೆತ ತಂದೆಯನ್ನು, ಬೆಂಕಿಯ ಮೇಲೆ ಪಾತ್ರೆಯಿಟ್ಟು ಮರೆಯುವ ತಾಯಿಯನ್ನು ಕರೆದುಕೊಂಡು ಅವರು ಬೆಂಗಳೂರಿನ ತಜ್ಞವೈದ್ಯರ ಬಳಿಗೆ ಹೋಗುತ್ತಾರೆ.

ಎಚ್ಚರದಿಂದ ಮರಣವನ್ನು ಎದುರುಗೊಂಡವರಿಗೆ ನಿಷಿಧಿಗಲ್ಲು ಇದೆ. ಬದುಕಿರುವಾಗಲೇ ಎಚ್ಚರವನ್ನು ಕಳೆದುಕೊಂಡವರಿಗೆ ಯಾವ ಕಲ್ಲೂ ಇಲ್ಲ. ಅಂಥವರ ವಿಷಯದಲ್ಲಿ ಶ್ರಾವಕನ ಧರ್ಮವೇನು? ಈ ಪ್ರಶ್ನೆಯನ್ನು ವೈದ್ಯಶಾಸ್ತ್ರದ ಇತಿಹಾಸ ಒಂದು ಕಡೆಯಿಂದಲೂ ನಮ್ಮ ಆಚಾರ್ಯಪರಂಪರೆ ಇನ್ನೊಂದು ಕಡೆಯಿಂದಲೂ ಬೆಳಗುತ್ತವೆ.

ಶಾಸನಗಳು ಹೇಳುವ ಎಚ್ಚರ

ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಮೊದಲು ಸಂಪುಟವಾಗಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಆವೃತ್ತಿಯಲ್ಲಿ 573 ಶಾಸನಗಳಿವೆ. ಇವುಗಳಲ್ಲಿ ಒಂದು ದೊಡ್ಡ ಪಾಲು ಸಲ್ಲೇಖನ ವ್ರತದಿಂದ ಮುಡಿಪಿದವರನ್ನು ಕುರಿತದ್ದು. ರಾಷ್ಟ್ರಕೂಟ ವಂಶದ ನಾಲ್ಕನೆಯ ಇಂದ್ರನು 982ರಲ್ಲಿ ಇಲ್ಲಿಯೇ ದೇಹತ್ಯಾಗ ಮಾಡಿದನು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿಯ ತಾಯಿ ಮಾಚಿಕಬ್ಬೆಯು ಒಂದು ತಿಂಗಳ ಕಾಲ ಸಂನ್ಯಸನವನ್ನು ನಡೆಸಿದ ರೀತಿಯನ್ನು ಒಂದು ಶಾಸನ ವಿವರಿಸುತ್ತದೆ. ಗುರುಗಳ ಸನ್ನಿಧಿಯಲ್ಲಿ ಪಂಚಪದಗಳನ್ನು ನೆನೆಯುತ್ತ, ಬಂಧುಗಳಿಂದ ಗಾಂಭೀರ್ಯದಿಂದ ಬೀಳ್ಕೊಂಡು ಆಕೆ ಹೋದಳೆಂಬುದು ಅದರ ತಾತ್ಪರ್ಯ. ಬಂಧುಗಳನ್ನು ಗುರುತಿಸಿ ಬೀಳ್ಕೊಳ್ಳುವ ಶಕ್ತಿ ಆಕೆಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಸಲ್ಲೇಖನಕ್ಕೆ ಈ ಎಚ್ಚರವು ಅಲಂಕಾರವಲ್ಲ, ಆಧಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸೂತ್ರಕಾರರು ಸಲ್ಲೇಖನವನ್ನು ಹೇಳುವಾಗ, ಮಾಡುವವನು ಅದನ್ನು ಪ್ರೀತಿಯಿಂದ ಸ್ವೀಕರಿಸಬೇಕೆಂಬ ಅರ್ಥದ ಪದವನ್ನು ಬಳಸುತ್ತಾರೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಈ ಪದದ ಮೇಲೆಯೇ ಒತ್ತು ಕೊಟ್ಟು, ಒಲವಿಲ್ಲದವನಿಂದ ಬಲವಂತವಾಗಿ ಸಲ್ಲೇಖನವನ್ನು ಮಾಡಿಸಲಾಗದು ಎಂದು ವಿವರಿಸಿದ್ದಾರೆ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕು ಸಂದರ್ಭಗಳನ್ನು ಹೇಳಿ, ಅವು ನಿಷ್ಪ್ರತೀಕಾರವಾಗಿರಬೇಕು, ಎಂದರೆ ಪರಿಹಾರವಿಲ್ಲದವಾಗಿರಬೇಕು ಎಂದು ನಿಬಂಧನೆ ಹಾಕಿದ್ದಾರೆ. ಪರಿಹಾರವಿದೆಯೇ ಇಲ್ಲವೇ ಎಂದು ತಿಳಿಯದೆ ನಿಷ್ಪ್ರತೀಕಾರವೆಂದು ಹೇಳುವುದು ಹೇಗೆ? ಆದುದರಿಂದ ರೋಗನಿರ್ಣಯವು ಈ ನಿಬಂಧನೆಯೊಳಗೇ ಅಡಗಿದೆ.

ಸಮಂತಭದ್ರರ ಬಾಳಿನ ಬಗ್ಗೆ ಕನ್ನಡ ನಾಡಿನಲ್ಲಿ ಉಳಿದುಬಂದ ಕಥೆಯೊಂದು ಇದಕ್ಕೆ ಪುಷ್ಟಿ ಕೊಡುತ್ತದೆ. 19ನೆಯ ಶತಮಾನದ ದೇವಚಂದ್ರನ ರಾಜಾವಳಿಕಥೆಯ ಪ್ರಕಾರ, ಮಣುವಕಹಳ್ಳಿಯಲ್ಲಿದ್ದಾಗ ಆಚಾರ್ಯರಿಗೆ ಭಸ್ಮಕ ವ್ಯಾಧಿ ಬಂದಿತು. ಎಷ್ಟು ಉಂಡರೂ ಹಸಿವು ತೀರದ ಆ ರೋಗದಿಂದ ಬಳಲಿ ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಅಪ್ಪಣೆ ಕೊಡಲಿಲ್ಲ. ರೋಗವನ್ನು ಶಮನಗೊಳಿಸಿಕೊಂಡು ಬದುಕಿ, ಬಳಿಕ ಮರಳಿ ದೀಕ್ಷೆ ಪಡೆಯುವಂತೆ ಅವರನ್ನು ಕಳುಹಿಸಿದರು. ವ್ರತಕ್ಕೆ ಅರ್ಹರಾದ ಮಹಾಮುನಿಯನ್ನೇ ಚಿಕಿತ್ಸೆಯ ದಾರಿಗೆ ಕಳುಹಿಸಿದ ಪರಂಪರೆ ನಮ್ಮದು.

ಜೈನದರ್ಶನದಲ್ಲಿ ಸ್ಮೃತಿ

ಭಾರತೀಯ ದರ್ಶನಗಳಲ್ಲಿ ಹಲವು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಹಿಂದೆ ತಿಳಿದುದನ್ನೇ ಮತ್ತೆ ತಿಳಿಯುವುದರಿಂದ ಅದರಲ್ಲಿ ಹೊಸತೇನೂ ಇಲ್ಲವೆಂಬುದು ಅವುಗಳ ವಾದ. ಜೈನ ತಾರ್ಕಿಕರು ಬೇರೆ ದಾರಿ ಹಿಡಿದರು. ಅಕಲಂಕರ ಪರಂಪರೆಯಲ್ಲಿ ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂಬ ಐದೂ ಪರೋಕ್ಷಪ್ರಮಾಣಗಳು. ‘ಇವನೇ ಅವನು’ ಎಂದು ಗುರುತಿಸುವುದು ಪ್ರತ್ಯಭಿಜ್ಞಾನ. ಅದಕ್ಕಿಂತ ಮೊದಲೇ ತತ್ತ್ವಾರ್ಥಸೂತ್ರವು ಸ್ಮೃತಿಯನ್ನು ಮತಿಜ್ಞಾನದ ಪರ್ಯಾಯಗಳಲ್ಲಿ ಎಣಿಸಿ, ಮತಿಜ್ಞಾನದ ಕ್ರಮವನ್ನು ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ನಾಲ್ಕಾಗಿ ವಿಂಗಡಿಸಿದೆ. ವಸ್ತುವು ಇಂದ್ರಿಯಕ್ಕೆ ತೋರುವುದು, ಅದೇನೆಂದು ಅರಸುವುದು, ನಿಶ್ಚಯಿಸುವುದು, ನಿಶ್ಚಯಿಸಿದುದನ್ನು ಧರಿಸಿಟ್ಟುಕೊಳ್ಳುವುದು ಎಂಬುದು ಇದರ ಅರ್ಥ.

ಮರೆಗುಳಿ ರೋಗಿಯನ್ನು ಕಂಡವರಿಗೆ ಈ ವಿಂಗಡಣೆ ಶುಷ್ಕವೆನಿಸದು. ರೋಗದ ಆರಂಭದಲ್ಲಿ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಮಾತು ಅರ್ಥವಾಗುತ್ತದೆ. ಹೊಸದನ್ನು ಧರಿಸಿಟ್ಟುಕೊಳ್ಳುವ ಶಕ್ತಿ ಮಾತ್ರ ಸೋರಿಹೋಗುತ್ತದೆ. ಬೆಳಗಿನ ಊಟ ಮರೆತುಹೋಗಿ, ಬಾಲ್ಯದಲ್ಲಿ ಕಲಿತ ಪಂಚನಮಸ್ಕಾರ ಮಂತ್ರವು ತಪ್ಪಿಲ್ಲದೆ ಬರುತ್ತದೆ. ರೋಗ ಮುಂದುವರಿದಂತೆ ಪ್ರತ್ಯಭಿಜ್ಞಾನವೂ ಕುಂದಿ, ಎದುರು ನಿಂತ ಮಗಳು ಅಪರಿಚಿತಳಾಗುತ್ತಾಳೆ.

ಆದರೆ ದರ್ಶನವು ಇಲ್ಲಿಗೆ ನಿಲ್ಲುವುದಿಲ್ಲ. ಜೀವದ ಲಕ್ಷಣ ಉಪಯೋಗ, ಎಂದರೆ ಚೈತನ್ಯದ ವ್ಯಾಪಾರ. ಜ್ಞಾನಾವರಣೀಯ ಕರ್ಮವು ಜ್ಞಾನವನ್ನು ಮುಚ್ಚುತ್ತದೆಯೇ ಹೊರತು ಜೀವದಿಂದ ಅದನ್ನು ಕಿತ್ತೊಗೆಯುವುದಿಲ್ಲ. ಮೋಡ ಎಷ್ಟೇ ದಟ್ಟವಾದರೂ ಹಗಲು ಹಗಲೇ. ಆದುದರಿಂದ ನೆನಪು ಹೋದ ಹಿರಿಯರನ್ನು ‘ಅವರು ಈಗ ಇಲ್ಲದಂತೆಯೇ’ ಎಂದು ಆಡುವ ಮಾತು ಜೈನರ ಬಾಯಲ್ಲಿ ಸಲ್ಲದು. ಒಂದು ಇಂದ್ರಿಯದ ಜೀವಿಯನ್ನೂ ನೋಯಿಸಬಾರದೆಂದು ನೆಲವನ್ನು ನೋಡಿ ನಡೆಯುವವರು, ಐದು ಇಂದ್ರಿಯಗಳೂ ಇರುವ ತಂದೆಯ ನೋವನ್ನು ಲೆಕ್ಕಕ್ಕೆ ತಾರದಿರುವುದು ಹೇಗೆ?

ಅರಳುಮರಳಿನಿಂದ ರೋಗದ ಕಡೆಗೆ

ಅರವತ್ತು ದಾಟಿದವರಿಗೆ ಅರಳುಮರಳು ಸಹಜವೆಂಬ ನಂಬಿಕೆ ಕನ್ನಡಿಗರಲ್ಲಿ ಹಳೆಯದು. ಮುಪ್ಪು ಮತ್ತು ಮರೆವು ಒಂದೇ ಎಂದು ತಿಳಿದವರು ನಾವು ಮಾತ್ರವಲ್ಲ. ಯುರೋಪಿನ ವೈದ್ಯರೂ ಬಹುಕಾಲ ಹಾಗೆಯೇ ತಿಳಿದಿದ್ದರು.

1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಲಾಯಿತು. ಆಕೆಯ ಗಂಡ ರೈಲ್ವೆಯ ಗುಮಾಸ್ತ. ಕಾರಣವಿಲ್ಲದ ಸಂಶಯ, ಮರೆವು, ಅಲೆದಾಟ ಇವುಗಳಿಂದ ಮನೆಯಲ್ಲಿ ಆಕೆಯನ್ನು ನೋಡಿಕೊಳ್ಳುವುದು ಆತನಿಗೆ ಅಸಾಧ್ಯವಾಗಿತ್ತು. ಗಂಡನ ಹೆಸರೇನೆಂದು ಕೇಳಿದಾಗ ಆಕೆ ತನ್ನದೇ ಹೆಸರನ್ನು ಹೇಳಿದಳು. ಆಕೆಯ ಮಾತುಗಳನ್ನು ದಿನದಿನವೂ ಬರೆದಿಟ್ಟುಕೊಂಡ ವೈದ್ಯರು ಅಲೋಯಿಸ್ ಆಲ್‌ಝೈಮರ್. 1906ರ ಏಪ್ರಿಲ್ 8ರಂದು ಆಕೆ ತೀರಿಕೊಂಡ ಬಳಿಕ ಅವರು ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನರಕೋಶಗಳ ಹೊರಗೆ ಗಂಟುಗಂಟಾದ ಕಲೆಗಳನ್ನೂ ಕೋಶಗಳ ಒಳಗೆ ಹುರಿಗೊಂಡ ಎಳೆಗಳನ್ನೂ ಕಂಡರು. ಆ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದರು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್‌ಝೈಮರ್ ಅವರ ಹೆಸರನ್ನಿಟ್ಟರು.

ಆದರೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಈ ಹೆಸರು 65 ವರ್ಷದೊಳಗಿನವರಿಗೆ ಬರುವ ಅಪರೂಪದ ರೋಗಕ್ಕೆ ಮಾತ್ರ ಮೀಸಲಾಗಿತ್ತು. ಮುದುಕರ ಮರೆವು ಮುಪ್ಪಿನ ಲೆಕ್ಕಕ್ಕೆ ಹೋಗುತ್ತಿತ್ತು. 1976ರಲ್ಲಿ ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಸ್‌ಮನ್ ಅವರು ಎರಡರಲ್ಲೂ ಮಿದುಳಿನ ವಿಕಾರ ಒಂದೇ ಆಗಿರುವಾಗ ವಯಸ್ಸಿನ ಗೆರೆ ಎಳೆಯುವುದು ಅರ್ಥಹೀನ ಎಂದು ಬರೆದರು. ಅರಳುಮರಳು ವಯಸ್ಸಿನ ಧರ್ಮವಲ್ಲ, ರೋಗ ಎಂಬ ತಿಳಿವಳಿಕೆ ಲೋಕದಲ್ಲಿ ನೆಲೆಗೊಂಡದ್ದು ಅಲ್ಲಿಂದ ಈಚೆಗೆ. ಮುಪ್ಪೆಂದು ತಿಳಿದಾಗ ಮನೆಯವರು ಗದರುತ್ತಾರೆ ಅಥವಾ ನಗುತ್ತಾರೆ. ರೋಗವೆಂದು ತಿಳಿದಾಗ ವೈದ್ಯರನ್ನು ಹುಡುಕುತ್ತಾರೆ, ಶುಶ್ರೂಷೆಗೆ ತೊಡಗುತ್ತಾರೆ.

ಔಷಧಗಳು ತಡವಾಗಿ ಬಂದವು. ಡೊನೆಪೆಜಿಲ್ 1996ರಲ್ಲಿ, ಮೆಮಾಂಟಿನ್ 2003ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಇವು ಕೆಲವರಲ್ಲಿ ಕೆಲಕಾಲ ಲಕ್ಷಣಗಳನ್ನು ತಗ್ಗಿಸುತ್ತವೆ, ರೋಗವನ್ನು ಅಳಿಸುವುದಿಲ್ಲ. 2023ರಲ್ಲಿ ಪೂರ್ಣ ಮಾನ್ಯತೆ ಪಡೆದ ಲೆಕಾನೆಮಾಬ್ ಆರಂಭದ ಹಂತದ ರೋಗಿಗಳಲ್ಲಿ ಇಳಿತದ ವೇಗವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಮಿದುಳಿನಲ್ಲಿ ಬಾವು, ರಕ್ತಸ್ರಾವ ಉಂಟಾಗಬಹುದಾದುದರಿಂದ ಅದನ್ನು ಪಡೆಯುವವರಿಗೆ ಪದೇ ಪದೇ ಸ್ಕ್ಯಾನ್ ಅಗತ್ಯ. ಹೀಗಾಗಿ ಚಿಕಿತ್ಸೆಯ ಬಹುಭಾಗ ಇಂದಿಗೂ ಆರೈಕೆಯೇ ಆಗಿದೆ.

ಕನ್ನಡ ನಾಡಿನಲ್ಲಿ ಬೆಳೆದ ವ್ಯವಸ್ಥೆ

1847-48ರ ಸುಮಾರಿಗೆ ಬೆಂಗಳೂರಿನ ಪೇಟೆಯಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರ ಆಡಳಿತದಲ್ಲಿ ಹುಚ್ಚಾಸ್ಪತ್ರೆಯೊಂದು ನಡೆಯತೊಡಗಿತು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರನ್ನು ಕೊಟ್ಟಿತು. 1930ರ ದಶಕದಲ್ಲಿ ಅದು ಲಕ್ಕಸಂದ್ರದ ಬಳಿಯ ವಿಶಾಲವಾದ ಹೊಸ ಕಟ್ಟಡಗಳಿಗೆ ಬಂದಿತು. 1954ರಲ್ಲಿ ಅದರ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರ ಡಿಸೆಂಬರ್ 27ರಂದು ಎರಡೂ ಸೇರಿ ನಿಮ್ಹಾನ್ಸ್ ರೂಪುಗೊಂಡಿತು. ಮನೋವೈದ್ಯ, ನರವೈದ್ಯ, ನರಶಸ್ತ್ರವೈದ್ಯ, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ ಸೇರಿದ್ದು ಮರೆಗುಳಿ ರೋಗದಂಥ, ಯಾವ ಒಂದು ವಿಭಾಗಕ್ಕೂ ಪೂರ್ತಿ ಸೇರದ ಕಾಯಿಲೆಗೆ ವರವಾಯಿತು. 1995ರಲ್ಲಿ ಅಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಮಿದುಳು ಭಂಡಾರ ಸ್ಥಾಪನೆಯಾಯಿತು. ತಮ್ಮವರ ಮರಣಾನಂತರ ಮಿದುಳನ್ನು ದಾನವಾಗಿ ಕೊಟ್ಟ ಕುಟುಂಬಗಳಿಂದಾಗಿ ನಮ್ಮ ನಾಡಿನ ರೋಗಿಗಳ ಮಿದುಳಿನ ಅಧ್ಯಯನ ಇಲ್ಲಿಯೇ ಸಾಧ್ಯವಾಯಿತು.

ಸಾರ್ವಜನಿಕ ಸೇವೆಯ ಕಡೆಯಿಂದ, 1992ರಲ್ಲಿ ಕೇರಳದಲ್ಲಿ ಡಾ. ಕೆ. ಜೇಕಬ್ ರಾಯ್ ಅವರ ಮುಂದಾಳುತನದಲ್ಲಿ ಭಾರತದ ಆಲ್‌ಝೈಮರ್ ಸಂಘ ಹುಟ್ಟಿತು. 1998ರಲ್ಲಿ ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ವೃದ್ಧರ ಆರೈಕೆಗೆಂದು ಆರಂಭವಾಗಿ, 2010ರಲ್ಲಿ ಕಸ್ತೂರಿನಗರದಲ್ಲಿ ಮರೆಗುಳಿ ರೋಗಿಗಳಿಗಾಗಿಯೇ ಒಂದು ಕೇಂದ್ರವನ್ನು ತೆರೆಯಿತು. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಜೋಪಾನ ಮಾಡಿದ್ದ ಶಿಶುಗಳ ಜನನದ ದಾಖಲೆಗಳು ಅನಿರೀಕ್ಷಿತವಾದ ಉಪಯೋಗಕ್ಕೆ ಬಂದವು. ಅಲ್ಲಿ ಹುಟ್ಟಿ ವೃದ್ಧರಾದವರನ್ನು ಹುಡುಕಿ, ಹುಟ್ಟುವಾಗಿನ ತೂಕಕ್ಕೂ ಮುಪ್ಪಿನ ಬುದ್ಧಿಶಕ್ತಿಗೂ ಇರುವ ಸಂಬಂಧವನ್ನು ಸಂಶೋಧಕರು ಪರಿಶೀಲಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿಯ ಅಧ್ಯಯನವನ್ನು ಕೈಗೊಂಡಿತು. 2022ರಲ್ಲಿ ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಪ್ರಾರಂಭಿಸಿ, ಕೆಲವು ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆದವು.

ಇಷ್ಟೆಲ್ಲ ಏಕೆ ಬೇಕಾಯಿತೆಂಬುದಕ್ಕೆ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಉತ್ತರ ಕೊಡುತ್ತದೆ. ಅದರಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು. ತಜ್ಞರು ಮಾತ್ರ ಪಟ್ಟಣಗಳಲ್ಲಿದ್ದಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಕುಟುಂಬಗಳ ಕಷ್ಟದ ಮೂಲ ಈ ಅಂತರವೇ.

ರೋಗನಿರ್ಣಯವೆಂದರೇನು?

ಮರೆವೆಲ್ಲ ಆಲ್‌ಝೈಮರ್ ಅಲ್ಲ. ತಜ್ಞರು ಮೊದಲು ಮನೆಯವರ ಮಾತನ್ನು ಕೇಳುತ್ತಾರೆ. ಯಾವಾಗಿನಿಂದ, ಮೆಲ್ಲಮೆಲ್ಲನೆಯೋ ಥಟ್ಟನೆಯೋ, ಹಣದ ಲೆಕ್ಕ ತಪ್ಪಿತೇ, ದಾರಿ ತಪ್ಪಿತೇ, ಸ್ವಭಾವ ಬದಲಾಯಿತೇ ಎಂದು ವಿಚಾರಿಸುತ್ತಾರೆ. ಬಳಿಕ ನೆನಪು, ಭಾಷೆ, ಗಮನಗಳ ಪರೀಕ್ಷೆ. ಲೋಕದಲ್ಲೆಲ್ಲ ಬಳಕೆಗೆ ಬಂದ 30 ಅಂಕಗಳ ಸಣ್ಣ ಪರೀಕ್ಷೆಯನ್ನು ಫೋಲ್‌ಸ್ಟೀನ್ ಮತ್ತು ಸಂಗಡಿಗರು 1975ರಲ್ಲಿ ರಚಿಸಿದ್ದರು. ಅದರಲ್ಲಿ ಓದುವ, ಬರೆಯುವ, ಚಿತ್ರ ಎಳೆಯುವ ಪ್ರಶ್ನೆಗಳಿದ್ದುದರಿಂದ ಶಾಲೆಗೆ ಹೋಗದ ನಮ್ಮ ಅಜ್ಜಿಯರು ರೋಗವಿಲ್ಲದೆಯೂ ಸೋಲುತ್ತಿದ್ದರು. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ 1990ರ ದಶಕದಲ್ಲಿ ಹಿಂದಿಯಲ್ಲಿ ಅದನ್ನು ಹೊಸದಾಗಿ ಹೊಂದಿಸಿದ್ದು ಈ ಕಾರಣದಿಂದಲೇ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿತು. ತಾಯಿನುಡಿಯಲ್ಲಿ ಪರೀಕ್ಷಿಸದೆ ಬುದ್ಧಿಯನ್ನು ಅಳೆಯುವುದು ಅನ್ಯಾಯವೆಂಬ ಅರಿವು ಹೀಗೆ ಮೂಡಿತು.

ರಕ್ತಪರೀಕ್ಷೆ ಮತ್ತು ಮಿದುಳಿನ ಸ್ಕ್ಯಾನ್‌ಗಳ ಮುಖ್ಯ ಉದ್ದೇಶ ಪರಿಹಾರವಿರುವ ಕಾರಣಗಳನ್ನು ಹುಡುಕುವುದು. ಥೈರಾಯ್ಡ್ ಕೊರತೆ, ಖಿನ್ನತೆ, ಬಿದ್ದಾಗ ಮಿದುಳಿನ ಮೇಲೆ ಕಟ್ಟಿದ ರಕ್ತ, ಮಿದುಳಿನಲ್ಲಿ ತುಂಬಿದ ನೀರು, ಕೆಲವು ಮಾತ್ರೆಗಳ ದುಷ್ಪರಿಣಾಮ ಇವು ಮರೆವನ್ನು ತರಬಲ್ಲವು ಮತ್ತು ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಸುಧಾರಿಸಬಲ್ಲವು. ಜೈನ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದುದು ವಿಟಮಿನ್ ಬಿ-12. ಸಸ್ಯಾಹಾರಿಗಳಿಗೆ ಇದು ಮುಖ್ಯವಾಗಿ ಹಾಲು ಮೊಸರುಗಳಿಂದ ಬರಬೇಕು. ಮುಪ್ಪಿನಲ್ಲಿ ಜಠರದ ಹೀರುವಿಕೆ ಕುಂದಿ, ಉಪವಾಸ ಏಕಾಶನಗಳಿಂದ ಆಹಾರವೂ ಕಡಿಮೆಯಾದಾಗ ಕೊರತೆ ಸುಲಭವಾಗಿ ಉಂಟಾಗುತ್ತದೆ. ಮರೆವು, ಕಾಲುಗಳ ಜೋಮು, ತೂರಾಟ ಅದರ ಲಕ್ಷಣಗಳು. ಔಷಧಕ್ಕೆ ಬಳಸುವ ಬಿ-12 ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಾಗುತ್ತದೆ. ಪ್ರಾಣಿಜನ್ಯ ಕವಚದ ಬಗ್ಗೆ ಸಂಶಯವಿರುವವರು ವೈದ್ಯರನ್ನು ಕೇಳಿ ಮಾತ್ರೆ ಅಥವಾ ಚುಚ್ಚುಮದ್ದಿನ ರೂಪದಲ್ಲಿ ಪಡೆಯಬಹುದು. ವ್ರತದ ಹೆಸರಿನಲ್ಲಿ ಈ ಪರೀಕ್ಷೆಯನ್ನು ತಪ್ಪಿಸಿದರೆ, ಸಪ್ರತೀಕಾರವಾದುದನ್ನು ನಿಷ್ಪ್ರತೀಕಾರವೆಂದು ಬಗೆದಂತಾಗುತ್ತದೆ.

2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವು ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡುತನ, ದೃಷ್ಟಿದೋಷ, ಒಂಟಿತನ, ಬಾಲ್ಯದ ವಿದ್ಯೆಯ ಕೊರತೆ ಮೊದಲಾದ 14 ಅಂಶಗಳನ್ನು ಹೆಸರಿಸಿ, ಇವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿತು. ಕಿವಿಯ ಯಂತ್ರ, ಕಣ್ಣಿನ ಶಸ್ತ್ರಚಿಕಿತ್ಸೆ, ದಿನವೂ ನಾಲ್ಕು ಜನರೊಡನೆ ಮಾತು ಇವು ದೊಡ್ಡ ಆಸ್ಪತ್ರೆಯಿಲ್ಲದ ಊರಿನಲ್ಲೂ ಮನೆಯವರು ಒದಗಿಸಬಹುದಾದ ಸಹಾಯಗಳು.

ಆರೈಕೆಯಲ್ಲಿ ಅಣುವ್ರತಗಳು

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನನೀರನ್ನು ತಡೆಯುವುದು. ಪಶುಗಳ ವಿಷಯದಲ್ಲಿ ನಾವು ಇವನ್ನು ಬಾಯಿಪಾಠವಾಗಿ ಬಲ್ಲೆವು. ಮರೆಗುಳಿ ರೋಗಿಯ ಕೋಣೆಯಲ್ಲಿ ಇವುಗಳಲ್ಲಿ ಮೂರಾದರೂ ಬಾಗಿಲಲ್ಲಿ ಕಾದು ನಿಂತಿರುತ್ತವೆ. ಅಲೆಯುವ ಹಿರಿಯರನ್ನು ಮಂಚಕ್ಕೆ ಕಟ್ಟುವುದು ಬಂಧ. ಬಟ್ಟೆಯಲ್ಲಿ ಮಲಮೂತ್ರವಾದಾಗ ಕೈ ಎತ್ತುವುದು ವಧ. ಮತ್ತೆ ಮತ್ತೆ ಗಲೀಜಾಗುತ್ತದೆಂದು ನೀರು ಕಡಿಮೆ ಕೊಡುವುದು ಅನ್ನಪಾನನಿರೋಧ. ಹುಚ್ಚಾಸ್ಪತ್ರೆಗಳಿಂದ ಸರಪಳಿಯನ್ನು ತೆಗೆಯಲು ಲೋಕಕ್ಕೆ ಶತಮಾನ ಹಿಡಿಯಿತು. ಶ್ರಾವಕನ ಮನೆಯಲ್ಲಿ ಅದಕ್ಕೆ ಎಂದೂ ಎಡೆಯಿರಬಾರದು.

ಬಾಳೆಲ್ಲ ರಾತ್ರಿಭೋಜನವನ್ನು ಬಿಟ್ಟಿದ್ದವರು ರೋಗದಲ್ಲಿ ಕತ್ತಲಾದ ಮೇಲೆ ಊಟ ಬೇಡುವುದುಂಟು. ಉಂಡದ್ದು ಮರೆತುಹೋಗಿರುತ್ತದೆ. ಸಂಜೆಯ ಹೊತ್ತಿಗೆ ಗೊಂದಲ ಹೆಚ್ಚುವುದು ಈ ರೋಗದ ಗುಣ. ಮನೆಯವರಿಗೆ ಇದು ದೊಡ್ಡ ಸಂಕಟ. ಹಗಲಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಉಣಿಸುವುದು, ಸೂರ್ಯಾಸ್ತಕ್ಕೆ ಸ್ವಲ್ಪ ಮುಂಚೆ ಹೊಟ್ಟೆ ತುಂಬ ಕೊಡುವುದು, ಮುಸ್ಸಂಜೆಯಲ್ಲಿ ದೀಪ ಹಚ್ಚಿ ಪರಿಚಿತವಾದ ಸ್ತೋತ್ರವನ್ನು ಜೊತೆಗೂಡಿ ಹೇಳಿಸುವುದು ಬಹಳ ಸಲ ಸಾಕಾಗುತ್ತದೆ. ಇಷ್ಟಾದರೂ ತಪ್ಪಿದಾಗ ಅವರನ್ನು ನಿಂದಿಸಲು ಶಾಸ್ತ್ರದ ಆಧಾರವಿಲ್ಲ. ಆಸ್ರವವು ಭಾವದ ತೀವ್ರತೆ ಮಂದತೆಗಳಿಂದ, ಅರಿತು ಮಾಡಿದ್ದೋ ಅರಿಯದೆ ಮಾಡಿದ್ದೋ ಎಂಬುದರಿಂದ ಬೇರೆಬೇರೆಯಾಗುತ್ತದೆಂದು ಸೂತ್ರವೇ ಹೇಳಿದೆ.

ಅಚೌರ್ಯದ ಪ್ರಶ್ನೆ ಇನ್ನೂ ಸೂಕ್ಷ್ಮ. ಏನೆಂದು ತಿಳಿಯದ ಹಿರಿಯರ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿ ಜಮೀನು ಬರೆಸಿಕೊಳ್ಳುವುದು ಕೊಡದೆ ಇದ್ದುದನ್ನು ತೆಗೆದುಕೊಂಡಂತೆ. ಬಸದಿಗೆ ದಾನವಾಗಿ ಬರೆಸಿಕೊಂಡರೂ ದೋಷ ತಪ್ಪದು. ದಾನಕ್ಕೆ ದಾತೃವಿನ ಮನಸ್ಸು ಬೇಕು. ಆದುದರಿಂದ ಟ್ರಸ್ಟ್‌ಗಳು ಇಂಥ ದಾನಪತ್ರಗಳನ್ನು ಸ್ವೀಕರಿಸುವ ಮೊದಲು ವಿಚಾರಿಸುವುದು ಧರ್ಮ. ರೋಗದ ಆರಂಭದಲ್ಲಿ, ಅರಿವು ಇನ್ನೂ ಸ್ಪಷ್ಟವಾಗಿರುವಾಗಲೇ, ಹಿರಿಯರ ಇಚ್ಛೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸ್ಮೃತಿಯ ಗಂಭೀರ ವಿಕಾರವನ್ನೂ ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡು, ಚಿಕಿತ್ಸೆಯ ಬಗ್ಗೆ ಮುಂಗಡ ನಿರ್ದೇಶನ ಬರೆಯುವ ಮತ್ತು ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನು ಕೊಟ್ಟಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದು ಕೈಬಿಟ್ಟವರ ಹಕ್ಕನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅವಕಾಶವಿದೆ.

ಸಲ್ಲೇಖನದ ವಿಷಯದಲ್ಲಿ ಸಮಾಜ ಇನ್ನೂ ಜಾಗರೂಕವಾಗಿರಬೇಕು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಈ ವ್ರತವನ್ನು ಆತ್ಮಹತ್ಯೆಗೆ ಸಮೀಕರಿಸಿ ತೀರ್ಪಿತ್ತಿತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆಗ ದೇಶದಾದ್ಯಂತ ಜೈನರು ಮುಂದಿಟ್ಟ ಮುಖ್ಯ ವಾದವೆಂದರೆ, ಇದು ಅರಿವಿನಿಂದ, ಸ್ವ ಇಚ್ಛೆಯಿಂದ, ಗುರುವಿನ ಅಪ್ಪಣೆಯಿಂದ ಕೈಗೊಳ್ಳುವ ವ್ರತ ಎಂಬುದು. ಆ ವಾದ ಸತ್ಯವಾಗಿ ಉಳಿಯಬೇಕಾದರೆ, ಅರಿವು ಇಲ್ಲದವರ ಹೆಸರಿನಲ್ಲಿ ಬೇರೆಯವರು ವ್ರತವನ್ನು ನಿಶ್ಚಯಿಸಕೂಡದು. ಊಟ ಬೇಡವೆಂದು ತಲೆಯಾಡಿಸುವ ಮರೆಗುಳಿ ರೋಗಿಯು ವ್ರತ ಕೈಗೊಂಡಿಲ್ಲ. ನುಂಗಲಾರದಿರಬಹುದು, ಹಲ್ಲುನೋವಿರಬಹುದು, ಎದುರಿಗಿರುವುದು ಅನ್ನವೆಂದು ತಿಳಿಯದಿರಬಹುದು.

ಒಬ್ಬರ ಹೆಗಲಿನ ಮೇಲಲ್ಲ

ವೈಯಾವೃತ್ತ್ಯವು ಆರು ಆಭ್ಯಂತರ ತಪಸ್ಸುಗಳಲ್ಲಿ ಒಂದು. ಷೋಡಶ ಭಾವನೆಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನ, ಎಂದರೆ ರೋಗಪೀಡಿತನೂ ಸೇರಿದ್ದಾನೆ. ಮುನಿಸಂಘಕ್ಕೆ ಹೇಳಿದ ಈ ಆದರ್ಶವನ್ನು ಗೃಹಸ್ಥರು ತಮ್ಮ ಮನೆಗೂ ತಂದುಕೊಳ್ಳಬಹುದು. ಅದರ ನಡೆಸುವ ಬಗೆಯನ್ನು ಶಿವಾರ್ಯರ ಭಗವತೀ ಆರಾಧನೆ ವಿಸ್ತಾರವಾಗಿ ಹೇಳಿದೆ. ಕನ್ನಡದ ವಡ್ಡಾರಾಧನೆಯ ಕಥೆಗಳು ಇದೇ ಆರಾಧನಾ ಪರಂಪರೆಗೆ ಸೇರಿದವು. ಸಮಾಧಿಮರಣಕ್ಕೆ ಅಣಿಯಾದ ಕ್ಷಪಕನಿಗೆ 48 ಮಂದಿ ನಿರ್ಯಾಪಕರು ಇರಬೇಕೆಂದು ಅಲ್ಲಿ ಹೇಳಿದೆ. ಎತ್ತಿ ಕೂರಿಸುವವರು, ಮಗ್ಗುಲು ಬದಲಿಸುವವರು, ಧರ್ಮಕಥೆ ಹೇಳುವವರು, ಆಹಾರ ತರುವವರು, ನೀರು ತರುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು ಎಂದು ಕೆಲಸವನ್ನು ಹಂಚಿದೆ. ಅಷ್ಟು ಜನ ದೊರೆಯದಿದ್ದರೆ ಕಡಿಮೆಯಾಗಬಹುದು, ಆದರೆ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ನಿಂತರೆ ತನ್ನನ್ನೂ ಕ್ಷಪಕನನ್ನೂ ಕೈಬಿಟ್ಟಂತಾಗಿ ಪ್ರವಚನಕ್ಕೂ ಹಾನಿ ಎಂಬುದು ಅದರ ಅಭಿಪ್ರಾಯ.

ಈ ಮಾತು ಮರಣಶಯ್ಯೆಯ ಕೆಲವು ದಿನಗಳಿಗೆ ಹೇಳಿದ್ದು. ಮರೆಗುಳಿ ರೋಗ ಹಲವು ವರ್ಷಗಳದ್ದು. ಅಲ್ಲಿ 48 ಮಂದಿಯ ಕೆಲಸವನ್ನು ಇಂದು ಬಹುಪಾಲು ಮನೆಗಳಲ್ಲಿ ಒಬ್ಬ ಸೊಸೆ, ಒಬ್ಬ ಮಗಳು ಅಥವಾ ವಯಸ್ಸಾದ ಹೆಂಡತಿ ಮಾಡುತ್ತಾಳೆ. ಹಗಲು ಅಡಿಗೆ, ರಾತ್ರಿ ಕಾವಲು. ನಿದ್ರೆಯಿಲ್ಲದ ಆಕೆಯ ತಾಳ್ಮೆ ಒಂದು ದಿನ ಮುರಿದಾಗ ಆಕೆಯನ್ನು ಕ್ರೂರಿಯೆಂದು ಕರೆಯುವ ನೆಂಟರು, ಅತಿಭಾರಾರೋಪಣವೆಂಬ ಅತಿಚಾರವು ತಮ್ಮದೇ ಎಂಬುದನ್ನು ಮರೆಯುತ್ತಾರೆ. ಆಧುನಿಕ ವೈದ್ಯರು ರೋಗಿಯ ಜೊತೆಗೆ ಆರೈಕೆ ಮಾಡುವವರ ಆಯಾಸವನ್ನೂ ವಿಚಾರಿಸಿ ದಾಖಲಿಸಲು ತೊಡಗಿರುವುದು ಇತ್ತೀಚಿನ ದಶಕಗಳಲ್ಲಿ. ಶಿವಾರ್ಯರು ಅದನ್ನು ಬಹಳ ಹಿಂದೆಯೇ ಸಂಖ್ಯೆಯಲ್ಲಿಟ್ಟು ಹೇಳಿದ್ದರು.

ಬಸದಿಗಳ ಟ್ರಸ್ಟ್‌ಗಳಿಗೆ ಇಲ್ಲಿ ದೊಡ್ಡ ವೆಚ್ಚವಿಲ್ಲದ ಕೆಲಸಗಳಿವೆ. ಊರಿನ ಜೈನ ಮನೆಗಳಲ್ಲಿ ನೆನಪು ಕುಂದಿದ ಹಿರಿಯರಿರುವ ಮನೆ ಯಾವುದೆಂದು ತಿಳಿದುಕೊಳ್ಳುವುದು. ವಾರಕ್ಕೆ ಎರಡು ಮಧ್ಯಾಹ್ನ ಇಬ್ಬಿಬ್ಬರಂತೆ ಯುವಕ ಯುವತಿಯರು ಸರದಿಯಲ್ಲಿ ಹೋಗಿ ಕುಳಿತು, ಮನೆಯಾಕೆಗೆ ಮೂರು ಗಂಟೆ ಬಿಡುವು ಕೊಡುವುದು. ಬೆಂಗಳೂರಿಗೆ ತಪಾಸಣೆಗೆ ಹೋಗುವವರಿಗೆ ವಾಹನ ಮತ್ತು ಒಬ್ಬ ಜೊತೆಗಾರನನ್ನು ಒದಗಿಸುವುದು. ಜಾತ್ರೆ, ಪೂಜೆಗಳ ಜನಜಂಗುಳಿಯಲ್ಲಿ ಇಂಥ ಹಿರಿಯರ ಜೇಬಿನಲ್ಲಿ ಹೆಸರು ಮತ್ತು ಮನೆಯ ಫೋನಿನ ಚೀಟಿ ಇರುವಂತೆ ನೋಡುವುದು. ಅಭಿಷೇಕದ ನಡುವೆ ಅವರು ಎದ್ದು ಓಡಾಡಿದರೆ ಗದರದೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು. ಸಲಹೆಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416, ಹಿರಿಯ ನಾಗರಿಕರ ಸಹಾಯವಾಣಿ 14567 ಇವುಗಳನ್ನು ಬಸದಿಯ ಸೂಚನಾಫಲಕದಲ್ಲಿ ಬರೆಸುವುದು.

ಜೈನಸಂಘವು ತನ್ನದೇ ಚರಿತ್ರೆಯಲ್ಲಿ ಮರೆವನ್ನು ಎದುರಿಸಿದೆ. ಶ್ರುತಕೇವಲಿಗಳ ಕಾಲ ಮುಗಿದು ಅಂಗಗಳ ಜ್ಞಾನ ಮುನಿಗಳ ನೆನಪಿನಿಂದ ಒಂದೊಂದಾಗಿ ಜಾರುತ್ತಿದ್ದಾಗ, ಧರಸೇನಾಚಾರ್ಯರು ಪುಷ್ಪದಂತ ಭೂತಬಲಿಗಳನ್ನು ಕರೆಸಿ ತಾವು ಬಲ್ಲುದನ್ನು ಉಪದೇಶಿಸಿದರು. ಅದು ಷಟ್ಖಂಡಾಗಮವಾಗಿ ಲಿಪಿಗಿಳಿಯಿತು. ಅದರ ಧವಲಾ ಟೀಕೆಯ ತಾಳೆಗರಿಗಳನ್ನು ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಯ್ದವರಲ್ಲಿ ಬಹುಮಂದಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಆದರೂ ಕಾಯ್ದರು. 1939ರಲ್ಲಿ ಅದರ ಮುದ್ರಣ ಆರಂಭವಾಗಲು ಸಾಧ್ಯವಾದುದು ಆ ಕಾವಲಿನಿಂದ. ನೆನಪು ಕುಂದಿದ ತಂದೆತಾಯಿಯರ ಹೆಸರು, ಇಷ್ಟ, ವ್ರತ, ಮಾನ ಇವುಗಳನ್ನು ಅವರ ಪರವಾಗಿ ಕಾಯುವ ಹೊಣೆ ಈಗ ಮನೆಯವರದು. ಆ ಮನೆಯವರನ್ನು ಕಾಯುವ ಹೊಣೆ ಸಮಾಜದ್ದು.